ಹಠಮಾರಿ, ಮುನಿಸಮ್ಮ ಮತ್ತು ಬಾಗಿಲಿನ ಸೂರ್ಯ

ಬಾಗಿಲಿನ ಮೇಲೆ ಸೂರ್ಯ ಇರಲಿಲ್ಲ.

ಬೆಳಿಗ್ಗೆ ಇದ್ದ. ಕಾರಿನ ಮುಂಬಾಗಿಲಲ್ಲಿ, ಹಿಡಿಕೆಗಿಂತ ತುಸು ಕೆಳಗೆ, ಉದ್ದಕ್ಕೂ ಎದ್ದು ನಿಂತ ಏಣಿನ ಮೇಲೆ ಅವನ ಜಾಗ. ಬಿಲ್ಲೆಯಗಲದ ಒಂದು ವೃತ್ತ, ಸುತ್ತ ಸೊಟ್ಟಪಟ್ಟ ಕಿರಣ, ಎರಡು ಚುಕ್ಕೆ ಕಣ್ಣು, ಒಂದೇ ಕಡೆಗೆ ಎಳೆದುಕೊಂಡ ನಗು. ಈಗ ಅಲ್ಲಿ ಕಡುನೀಲಿ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಗ್ಗಿ ನೋಡಿದವರ ಮುಖ ಕಾಣುತ್ತಿತ್ತು, ಸೂರ್ಯನ ಮುಖ ಕಾಣುತ್ತಿರಲಿಲ್ಲ.

"ಅಕ್ಕಾ... ಒಂದ್ನಿಮಿಷ ಇಲ್ಲಿ ಬನ್ನಿ."

ಗುಬ್ಬಿಯ ದನಿ ಕೇಳಿ ಸೀಟಕ್ಕ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ಕಾರುಗಳ ಸೀಟಿಗೆ ಬಟ್ಟೆ ಹೊಲಿಯುವುದು ಅವಳ ಕೆಲಸ. ಪಾಲಿಶ್ ಶೆಡ್ಡು ಅವಳ ತಮ್ಮನದು. ಒಂದು ಮೂಲೆ ಅವಳದು. ಗುಬ್ಬಿ ಅಂದರೆ ಪಾಲಿಶ್ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸು, ಮೊನ್ನೆ ಮೊನ್ನೆ ನಡೆಯಲು ಕಲಿತ ಮಗುವಿನ ತಾಯಿ. ಸಣ್ಣ ಆಳು, ಚುರುಕು ಕೈ. ಆ ಹೆಸರು ಹಿರಿಯ ಮೇಸ್ತ್ರಿ ಇಟ್ಟದ್ದು.

ಗುಬ್ಬಿ ಕೈಯಲ್ಲಿ ಟೇಪಿನ ಸುರುಳಿ ಹಿಡಿದು ಬಾಗಿಲ ಮುಂದೆ ನಿಂತಿದ್ದಳು.

"ಅಕ್ಕಾ, ಇಲ್ಲೇ ಇತ್ತು. ಊಟಕ್ಕೆ ಹೋಗೋವಾಗ ಇತ್ತು. ಈಗ ಇಲ್ಲ."

ಸೀಟಕ್ಕ ಓಡಿ ಬಂದು ಬಗ್ಗಿ ನೋಡಿದಳು. ಆ ಸೂರ್ಯ ಯಾರಿಗೆ ಬೇಕೆಂದು ಅವಳಿಗೆ ಗೊತ್ತಿತ್ತು.

ಕಾರು ಕನ್ನಡಕದಂಗಡಿಯಾಕೆಯದು. ನಿನ್ನೆ ತಂದು ಬಿಟ್ಟಾಗ ಆಕೆಯೇ ಹೇಳಿದ್ದಳು. "ನಮ್ಮಮ್ಮಂಗೆ ಈಗ ಮರೆವು. ನನ್ನನ್ನೇ ಒಂದೊಂದು ಸಲ 'ಯಾರಮ್ಮ ನೀನು' ಅಂತಾಳೆ. ಆದ್ರೆ ಈ ಸೂರ್ಯನ್ನ ಮಾತ್ರ ಮರೆತಿಲ್ಲ. ಚಿಕ್ಕವಳಿದ್ದಾಗ ಅವಳ ಹೇರ್‌ಪಿನ್ನಲ್ಲಿ ಗೀಚಿದ್ದು ನಾನು, ಬೆನ್ನು ಮುರಿಯೋ ಹಾಗೆ ಬಿದ್ದಿತ್ತು ಏಟು. ಈಗ ಬಾಗಿಲ ಹತ್ರ ಬಂದು ಅದರ ಮೇಲೆ ಬೆರಳಾಡಿಸಿ, 'ಹ್ಞಾಂ, ನಮ್ಮ ಗಾಡೀನೇ' ಅಂತ ಕೂತ್ಕೋತಾಳೆ. ಇತ್ತೀಚೆಗೆ ಬಣ್ಣ ಮಂಕಾಗಿದ್ದಕ್ಕೆ ಅನುಮಾನ ಅವಳಿಗೆ. 'ನಮ್ಮದು ಹೊಳೀತಿತ್ತು' ಅಂತಾಳೆ. ಹೊಳೆಯೋ ಹಾಗೆ ಮಾಡ್ಕೊಡಿ. ಸೂರ್ಯ ಒಂದನ್ನ ಮುಟ್ಟಬೇಡಿ, ಕೈ ಮುಗೀತೀನಿ. ನಾಳೆ ಸಂಜೆ ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಇಲ್ಲಿಂದ ಸೀದಾ ನನ್ನ ಮನೆಗೆ, ಇನ್ಮೇಲೆ ನನ್ನ ಜೊತೆಗೇ ಇರ್ತಾಳೆ."

ಆ ಸಂಜೆ ಇವತ್ತೇ.

"ಏನ್ ಕೂಗಾಟ?" ಎನ್ನುತ್ತ ತಮ್ಮ, ಶೆಡ್ಡಿನ ಯಜಮಾನ, ಒಳಗಿನಿಂದ ಬಂದ. ಬಾಗಿಲು ನೋಡಿದ. ಅದರ ಪಕ್ಕದ ಟ್ರಾಲಿ ನೋಡಿದ. ಟ್ರಾಲಿಯ ಮೇಲೆ ಮಲಗಿದ್ದ ದೊಡ್ಡ ಯಂತ್ರವನ್ನು ನೋಡಿದ್ದೇ ಅವನ ಮುಖ ಕೆಂಪಾಯಿತು.

"ಹಠಮಾರಿ ಇಲ್ಲಿ ಯಾಕೆ ಬಂತು? ಗುಬ್ಬೀ — ಹಠಮಾರೀನ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ?"

"ನಾನು ಮುಟ್ಟಿಲ್ಲ ಅಣ್ಣ."

"ಮತ್ತೆ ಅದಕ್ಕೇ ಕಾಲು ಬಂದು ನಡ್ಕೊಂಡು ಬಂತಾ?"

ಶೆಡ್ಡಿನಲ್ಲಿ ಪಾಲಿಶ್ ಯಂತ್ರಗಳು ಎರಡು. ಎರಡೂ ಸ್ಪಂಜಿನ ಪ್ಯಾಡನ್ನು ಅಲುಗಾಡಿಸುತ್ತ ತಿರುಗಿಸುತ್ತವೆ. ಗುಣ ಮಾತ್ರ ಅಜಗಜಾಂತರ. ಫೋರ್ಸ್ಡ್ ರೊಟೇಶನ್ ಎಂದು ಡಬ್ಬದ ಮೇಲೆ ಬರೆದಿದ್ದದ್ದು ಹಠಮಾರಿ. ಅದರ ಹೊಟ್ಟೆಯಲ್ಲಿ ಹಲ್ಲಿನ ಚಕ್ರ ಇದೆ. ಎಷ್ಟು ಒತ್ತಿದರೂ ತಿರುಗುವುದು ನಿಲ್ಲಿಸದು, ಹಿಡಿದವರ ಮಣಿಕಟ್ಟನ್ನೇ ಪಕ್ಕಕ್ಕೆ ಎಳೆಯುತ್ತದೆ, ಗೀರುಗಳನ್ನು ಕೊಯ್ದು ಹಾಕುತ್ತದೆ. ರ‍್ಯಾಂಡಮ್ ಆರ್ಬಿಟಲ್ ಎಂಬುದು ಮುನಿಸಮ್ಮ. ಹಗುರ ಕೈಯಲ್ಲಿ ಹಿಡಿದರೆ ಸೊಗಸಾಗಿ ಸುತ್ತುತ್ತದೆ. ತುಸು ಜೋರಾಗಿ ಒತ್ತಿದರೆ ಮುನಿಸಿಕೊಂಡು ಸುತ್ತುವುದನ್ನೇ ಬಿಟ್ಟು, ನಿಂತಲ್ಲೇ ಗಿಜಿಗಿಜಿ ನಡುಗುತ್ತದೆ. ಹಠಮಾರಿ ಮೇಸ್ತ್ರಿಗೆ, ಮುನಿಸಮ್ಮ ಗುಬ್ಬಿಗೆ. ಅದು ಶೆಡ್ಡಿನ ಅಲಿಖಿತ ಕಾನೂನು. ಮೇಸ್ತ್ರಿಯಂತೂ ಮುನಿಸಮ್ಮನನ್ನು ಕಂಡರೆ ಮೂಗು ಮುರಿಯುತ್ತಿದ್ದರು. "ಅದು ಯಂತ್ರ ಅಲ್ಲ, ತಲೆ ಅಲ್ಲಾಡಿಸೋ ಗೊಂಬೆ!"

"ಈ ಬಾಗಿಲು ಯಾರ ಪಾಲಿಂದು?" ಯಜಮಾನ ಕೇಳಿದ.

"ನಂದೇ. ಬೆಳಿಗ್ಗೇನೇ ಮುಗಿಸಿದ್ದೆ, ಮುನಿಸಮ್ಮನಲ್ಲೇ. ಸೂರ್ಯನ ಮೇಲೆ ಕಾಗದ ಇಟ್ಟು ಟೇಪ್ ಹಾಕಿದ್ದೆ."

"ಟೇಪ್ ಎಲ್ಲಿ?"

"ಅಂಚಿಗೆಲ್ಲ ಪಾಲಿಶ್ ಪುಡಿ ತುಂಬಿತ್ತು. ಕಿತ್ತು ಒರೆಸಿದೆ. ಊಟ ಮುಗಿಸಿ ಬಂದು ಹೊಸದು ಹಾಕೋಣ ಅಂತ... ಮಗು ಕಾಯ್ತಿರುತ್ತೆ ಅಂತ ಓಡಿದೆ ಅಣ್ಣ."

"ನೋಡಿದ್ಯಾ ಅಕ್ಕ? ತಾನೇ ಕಿತ್ತಿದ್ದಾಳೆ. ಆಸೆ ತಡೀಲಾರದೆ ಹಠಮಾರಿ ಹಿಡಿದು ನೋಡಿದ್ದಾಳೆ. ಏಣಿನ ಮೇಲೆ ಕೊಯ್ದು ಹಾಕಿದ್ದಾಳೆ. ಇನ್ನು ಆ ಸೂರ್ಯನ್ನ ಯಾವ ದೇವರೂ ತಂದು ಕೊಡಲ್ಲ!" ಅವನು ಹಿತ್ತಲಿನ ಕಡೆ ತಿರುಗಿ ಕೂಗಿದ. "ಮೇಸ್ತ್ರೀ! ಸೂರ್ಯ ಇದ್ದ ಬಾಗಿಲ ಹತ್ರ ನೀವೇನಾದ್ರೂ ಬಂದಿದ್ರಾ?"

ಹಿತ್ತಲ ನಲ್ಲಿಯ ಹತ್ತಿರ ಬಕೆಟ್ ಬೋರಲು ಹಾಕಿ ಕೂತು ಬಟ್ಟೆ ಜಾಲಿಸುತ್ತಿದ್ದ ಮೇಸ್ತ್ರಿ ತಲೆಯೆತ್ತಲಿಲ್ಲ.

"ಗೋಡೆ ಬದಿ ಬಾಗಿಲಿನ ಹತ್ರಾನೂ ಸುಳಿದಿಲ್ಲಪ್ಪ ನಾನು. ನೀನೇ ಹೇಳಿದ್ಯಲ್ಲ."

"ಕೇಳಿದ್ಯಾ?" ಎಂದ ಯಜಮಾನ. "ಅವರ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಬಾಗಿಲು ಕೆಟ್ಟಿದ್ದು ನಾನು ನೋಡಿಲ್ಲ. ಗುಬ್ಬಿ, ಆ ಅಮ್ಮ ಬಂದಾಗ ನೀನೇ ಮುಂದೆ ನಿಂತು ಹೇಳು. ಆಮೇಲೆ ನಾಳೆಯಿಂದ ಬೇರೆ ಕಡೆ ಕೆಲಸ ನೋಡ್ಕೋ."

ಗುಬ್ಬಿ ಅಳಲಿಲ್ಲ. ಟೇಪಿನ ಸುರುಳಿಯನ್ನು ಬಿಚ್ಚಿದಳು, ಸುತ್ತಿದಳು, ಮತ್ತೆ ಬಿಚ್ಚಿದಳು. ಅಳುವುದಕ್ಕಿಂತ ಅದನ್ನು ನೋಡುವುದೇ ಸೀಟಕ್ಕನಿಗೆ ಕಷ್ಟವಾಯಿತು.

"ಲೋ, ಉಸಿರು ಬಿಡು ಸ್ವಲ್ಪ," ಎಂದಳು ತಮ್ಮನಿಗೆ. "ಅವರು ಬರೋದು ಸಂಜೆಗೆ ತಾನೆ? ಅಲ್ಲೀವರೆಗೆ ಯಾರನ್ನೂ ಕಳಿಸಬೇಡ, ಯಾವುದನ್ನೂ ತೊಳೀಬೇಡ, ಮುಟ್ಟಬೇಡ."

"ಅಕ್ಕ, ನೀನು ಸೀಟು ಹೊಲಿ. ಪೊಲೀಸ್ ಕೆಲಸ ಬೇಡ."

"ನಾಲ್ಕು ಮಕ್ಕಳನ್ನ ಸಾಕಿದ್ದೀನಿ ಕಣೋ. ಬರಣಿ ಒಡೆದವರು ಯಾರು ಅಂತ ಕಂಡುಹಿಡಿಯೋದು ನಂಗೆ ಹೊಸದಾ?"

ಅವಳು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆಳಕು ಅಡ್ಡಲಾಗಿ ಬೀಳುವಂತೆ ತಲೆ ಓರೆ ಮಾಡಿದಳು. ಬಣ್ಣ ನುಣುಪಾಗಿತ್ತು. ಮೂಗು ಹತ್ತಿರ ತಂದಳು — ಸಿಹಿ ಸಿಹಿ ಮೇಣದ ವಾಸನೆ. ಮುಖದ ಮೇಲೆ ಏನೂ ತೋರಗೊಡದೆ ಎದ್ದಳು.

"ಗುಬ್ಬಿ, ಬೆಳಿಗ್ಗೆ ಮುನಿಸಮ್ಮನಿಗೆ ಯಾವ ಪ್ಯಾಡ್ ಹಾಕಿದ್ದೆ?"

"ಹಳದಿದು, ಅಕ್ಕ. ಪಾಲಿಶಿಗೆ."

"ಕಡೇಲಿ ಹೊಳಪಿಗೆ ಹಚ್ಚೋ ಮೇಣ, ಗ್ಲೇಜ್?"

"ಅದು ಕಪ್ಪು ಮೆತ್ತನೆ ಪ್ಯಾಡಲ್ಲಿ. ಇನ್ನೂ ಶುರುವೇ ಮಾಡಿರಲಿಲ್ಲ."

ಮುನಿಸಮ್ಮ ತನ್ನ ಗೂಡಿನಲ್ಲಿ ಬೋರಲು ಮಲಗಿತ್ತು. ಸೀಟಕ್ಕ ಅದನ್ನು ಮಗುಚಿದಳು. ಕಪ್ಪು ಪ್ಯಾಡ್! ಅದರ ಮುಖದ ನಟ್ಟನಡುವೆ, ಅಡ್ಡಕ್ಕೆ, ಹಣೆಯ ಗೆರೆಯಂತೆ ಒಂದೇ ಒಂದು ನೇರ ಗೆರೆ. ಒಣಗಿದ ಬಿಳಿ ಲೇಪ ಆ ಗೆರೆಯೊಳಗೆ ಗಟ್ಟಿಯಾಗಿ ಕೂತಿತ್ತು.

ಸ್ಪಂಜು ಅವಳ ದಿನನಿತ್ಯದ ಸಂಗಾತಿ. ಒಂದೇ ಕಡೆ ಭಾರ ಹಾಕಿ ಕೂರುವ ಡ್ರೈವರನ ಸೀಟು ಒಂದೇ ಕಡೆ ಕುಸಿಯುತ್ತದೆ. ಮಿಸುಕಾಡುವ ಮಕ್ಕಳ ಸೀಟು ಎಲ್ಲ ಕಡೆ ಸಮನಾಗಿ ಸವೆಯುತ್ತದೆ. ಸೀಟು ಬಿಚ್ಚಿದರೆ ಕೂತವರ ಸ್ವಭಾವ ಅವಳಿಗೆ ಕಾಣುತ್ತಿತ್ತು.

"ಇಲ್ಲಿ ಬಾ," ಎಂದು ಗುಬ್ಬಿಯನ್ನು ಕರೆದು ಮೂಲೆಯಲ್ಲಿ ಒರಗಿಸಿದ್ದ ಗುಜರಿ ಬಾಗಿಲನ್ನು ತೋರಿಸಿದಳು. "ಇದಕ್ಕೂ ಏಣಿದೆ. ಎರಡೂ ಯಂತ್ರ ಓಡಿಸಿ ತೋರಿಸು. ಬೇರೆ ಪ್ಯಾಡ್ ಹಾಕು, ಈ ಕಪ್ಪು ಪ್ಯಾಡ್ ನನ್ನ ಹತ್ರ ಇರಲಿ."

"ಹಠಮಾರಿನೂ?" ಗುಬ್ಬಿ ಯಜಮಾನನ ಕಡೆ ನೋಡಿದಳು.

"ನಾನು ಹೇಳ್ತಿದ್ದೀನಿ, ಓಡಿಸು."

ಹಠಮಾರಿ ಗುರ್ ಎಂದಿತು. ಗುಬ್ಬಿಯ ತೋಳು ಪಕ್ಕಕ್ಕೆ ಎಳೆದುಕೊಂಡು ಹೋಯಿತು; ಹಲ್ಲು ಕಚ್ಚಿ ಹಿಡಿದಳು. ಏಣಿನ ಮೇಲೂ ಪ್ಯಾಡ್ ತಿರುಗುತ್ತಲೇ ಇತ್ತು. ನಿಲ್ಲಿಸಿ ಮಗುಚಿದಾಗ ಅದರ ಮುಖದ ಮೇಲೆ ದುಂಡಗೆ ಬಳೆಯಾಕಾರದ ಸವೆತ.

ಆಮೇಲೆ ಮುನಿಸಮ್ಮ. ಅದರ ತಟ್ಟೆಯ ಅಂಚಿನ ಮೇಲೆ ಗುಬ್ಬಿ ಮಸಿಯಲ್ಲಿ ಒಂದು ಗೆರೆ ಎಳೆದುಕೊಂಡಿದ್ದಳು.

"ಈ ಗೆರೆ ಯಾಕೆ?"

"ಗೆರೆ ಸುತ್ತುತ್ತಾ ಇದ್ರೆ ಪ್ಯಾಡ್ ತಿರುಗ್ತಿದೆ ಅಂತ, ಅಕ್ಕ. ಗೆರೆ ನಿಂತ್ರೆ ನಾನು ಜಾಸ್ತಿ ಒತ್ತಿಬಿಟ್ಟಿದ್ದೀನಿ ಅಂತ. ತಕ್ಷಣ ಕೈ ಹಗುರ ಮಾಡ್ತೀನಿ."

"ಈಗ ಹಗುರ ಮಾಡಬೇಡ. ಒತ್ತು. ಏಣಿನ ಮೇಲೆ."

ಗುಬ್ಬಿ ಒತ್ತಿದಳು. ಮಸಿಗೆರೆ ನಿಧಾನವಾಯಿತು, ನಿಂತೇ ಹೋಯಿತು. ಯಂತ್ರ ಮಾತ್ರ ಜ್ವರ ಬಂದವರಂತೆ ನಡುಗುತ್ತಿತ್ತು. ಪ್ಯಾಡ್ ಮಗುಚಿದರೆ — ಅಡ್ಡಕ್ಕೆ, ನೇರವಾಗಿ, ಒಂದೇ ಗೆರೆ.

ಯಜಮಾನ ಹತ್ತಿರ ಬಂದ. ಎರಡು ಪ್ಯಾಡ್‌ಗಳನ್ನೂ ಅಕ್ಕನ ಕೈಯ ಕಪ್ಪು ಪ್ಯಾಡಿನ ಪಕ್ಕ ಹಿಡಿದು ನೋಡಿದ.

"ಅಂದ್ರೆ... ಹಠಮಾರಿ ಅಲ್ಲ? ಮುನಿಸಮ್ಮನಾ?"

"ಮುನಿಸಮ್ಮನೇ."

"ಆದ್ರೂ ಅದು ಗುಬ್ಬಿ ಕೈಯಂದೇ ತಾನೆ! ಅವಳೇ ಆಯ್ತಲ್ಲ?"

ಸೀಟಕ್ಕ ಕೆಳಗೆ ಬಗ್ಗಿದಳು. ಗುಬ್ಬಿ ಬೆಳಿಗ್ಗೆ ಬಳಸಿದ ಹಳದಿ ಪ್ಯಾಡ್ ಟ್ರಾಲಿಯ ಕೆಳಗಿತ್ತು. ಅದನ್ನು ಎತ್ತಿ ನೋಡಿ, ಕಪ್ಪು ಪ್ಯಾಡಿನ ಜೊತೆ ಸೆರಗಿನಲ್ಲಿ ಸುತ್ತಿಕೊಂಡಳು. ಒಳಗೆ ಹೋಗಿ ಟೀ ಕಾಯಿಸಿದಳು. ಎರಡು ಲೋಟ ಹಿಡಿದು ಹಿತ್ತಲಿಗೆ ನಡೆದಳು.

"ತಗೊಳ್ಳಿ ಮೇಸ್ತ್ರಿ."

ಮೇಸ್ತ್ರಿ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಮಡಿಲಲ್ಲೇ ಇತ್ತು, ನಿದ್ದೆ ಹೋದ ಮಗುವಿನಂತೆ.

"ಬಟ್ಟೆ ಬಿಳಿ ಆಗಿದೆ. ಇನ್ನೆಷ್ಟು ಜಾಲಿಸ್ತೀರಿ?"

"ಕೊಳೆ ಇರತ್ತೆ ಕಣಮ್ಮ, ಕಾಣಲ್ಲ ಅಷ್ಟೆ."

"ಡಾಕ್ಟ್ರು ಏನಂದ್ರು?"

ಅವರು ಬೆಚ್ಚಿದರು. "ಯಾವ ಡಾಕ್ಟ್ರು? ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ಇವತ್ತು ತಡವಾಗಿ ಬಂದ್ರಿ. ತೋಳಿಂದ ಮುಲಾಮಿನ ವಾಸನೆ ಬರ್ತಿದೆ. ಎಡಗೈಲಿ ಟೀ ಕುಡೀತಿದ್ದೀರಿ."

ಮೇಸ್ತ್ರಿ ಲೋಟ ಕೆಳಗಿಟ್ಟು ಎಡಗೈಯಲ್ಲಿ ಬಲಗೈ ಹಿಡಿದುಕೊಂಡರು. "ಮಣಿಕಟ್ಟು ಮುಗೀತಂತೆ," ಎಂದರು. "ಜೋರಾಗಿ ಎಳೆಯೋದೇನೂ ಹಿಡೀಬೇಡಿ ಅಂದ. ಹಠಮಾರೀನ ಬಿಟ್ಟರೆ ನಾನು ಯಾವ ಮೇಸ್ತ್ರಿ, ನೀನೇ ಹೇಳು. ನಿನ್ನ ತಮ್ಮಂಗೆ ಹೇಳಬೇಡಮ್ಮ. ಮನೇಲಿ ಗೋಡೆ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

"ಬಾನೆಟ್ಟು ಶುರು ಮಾಡಿದ್ರಾ ಮಧ್ಯಾಹ್ನ?"

"ಮಾಡ್ದೆ. ಎರಡು ಸುತ್ತಿಗೇ ಕೈ ಬಿಟ್ಟುಹೋಯ್ತು. ಹಠಮಾರೀನ ಅಲ್ಲೇ ಟ್ರಾಲಿ ಮೇಲಿಟ್ಟೆ."

"ಆಗ ಶೆಡ್ಡಲ್ಲಿ ಯಾರೂ ಇರಲಿಲ್ಲ. ಗೂಡಲ್ಲಿ ಮುನಿಸಮ್ಮ ಇತ್ತು."

ಮೇಸ್ತ್ರಿಯ ಕಿವಿಗಳು ಕೆಂಪಾದವು. ಹಿರಿಯ ಮನುಷ್ಯ, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗನ ಹಾಗೆ ಕಂಡರು. "ಒಂದು ಸಲ ಹಿಡಿದು ನೋಡೋಣ ಅನ್ನಿಸ್ತು. ಮೆತ್ತನೆ ಪ್ಯಾಡು, ಬರೀ ಗ್ಲೇಜು. ಯಾರಿಗೂ ಹಾನಿ ಇಲ್ಲವಲ್ಲ ಅಂತ... ಆದ್ರೆ ಆ ಸೂರ್ಯನ ಬಾಗಿಲನ್ನ ನಾನು ಮುಟ್ಟಿಲ್ಲಮ್ಮ. ನನ್ನ ಮೊಮ್ಮಕ್ಕಳಾಣೆ."

"ನಂಗೊತ್ತು, ನೀವು ಸುಳ್ಳು ಹೇಳ್ತಿಲ್ಲ. ಏಳಿ, ನನ್ನ ಜೊತೆ ಬನ್ನಿ. ಎಲ್ಲರ ಮುಂದೆ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಹೆದರಬೇಡಿ."

ಶೆಡ್ಡಿನೊಳಗೆ ಬಂದಾಗ ಬೀದಿಯಲ್ಲಿ ಒಂದು ಆಟೋ ನಿಂತಿತು. ಕನ್ನಡಕದಂಗಡಿಯಾಕೆ ಇಳಿದಳು, ಅವಳ ತೋಳು ಹಿಡಿದು ಸಣ್ಣಗೆ ಬಾಗಿದ ತಾಯಿ ಇಳಿದಳು. ಹೇಳಿದ್ದಕ್ಕಿಂತ ಬೇಗ ಬಂದಿದ್ದರು. ಯಜಮಾನನ ಮುಖ ಬಿಳುಚಿತು.

"ಅಮ್ಮನ್ನ ನನ್ನ ಕುರ್ಚಿಲಿ ಕೂರಿಸಿ, ಬಂದೆ," ಎಂದಳು ಸೀಟಕ್ಕ. ಆಮೇಲೆ ತಿರುಗಿ, "ಮೇಸ್ತ್ರಿ, ಮಧ್ಯಾಹ್ನ ನೀವು ಮುನಿಸಮ್ಮನ್ನ ಹಿಡಿದು ನೋಡಿದ್ದು ಯಾವ ಬಾಗಿಲಲ್ಲಿ? ಬೆರಳು ಮಾಡಿ ತೋರಿಸಿ."

"ಮೇಸ್ತ್ರಿ? ಮುನಿಸಮ್ಮ?" ಯಜಮಾನ ಬಾಯಿ ತೆರೆದ.

"ನೀನು ಸುಮ್ನಿರು."

ಮೇಸ್ತ್ರಿ ಬೀದಿಯ ಕಡೆಗಿದ್ದ ಮುಂಬಾಗಿಲಿನತ್ತ ಬೆರಳು ಮಾಡಿದರು. "ಇದು. ಗೋಡೆ ಬದಿದು ಮುಟ್ಟಬೇಡ ಅಂತ ನಿನ್ನೆ ಫೋನಲ್ಲಿ ಹೇಳಿದ್ಯಲ್ಲಪ್ಪ. ಅದಕ್ಕೇ ಬೀದಿ ಬದಿ..."

ಎಲ್ಲರೂ ಆ ಬಾಗಿಲನ್ನೇ ನೋಡುತ್ತಿದ್ದರು.

"ಇದೇ ಸೂರ್ಯನ ಬಾಗಿಲು ಮೇಸ್ತ್ರಿ," ಎಂದಳು ಸೀಟಕ್ಕ ಮೆಲ್ಲಗೆ. "ನಾವು ಯಾವತ್ತೂ ಎಡ, ಬಲ ಅನ್ನಲ್ಲ. ಗೋಡೆ ಬದಿ, ಬೀದಿ ಬದಿ ಅಂತೀವಿ. ಈ ಶೆಡ್ಡಿನ ಚಾಳಿ. ನಿನ್ನೆ ಸಂಜೆ ಈ ಬಾಗಿಲು ಗೋಡೆ ಬದೀಲೇ ಇತ್ತು. ಬೆಳಿಗ್ಗೆ ನನ್ನ ಸ್ಪಂಜಿನ ಲಾರಿ ಬಂತು, ದಾರಿ ಬಿಡೋಕೆ ಕಾರನ್ನ ಹೊರಗೆ ತೆಗೆದ್ರು. ಮತ್ತೆ ಒಳಗೆ ತರೋವಾಗ ತಿರುಗಿಸಿ ನಿಲ್ಲಿಸಿದ್ರು. ನಾನು ನೋಡ್ತಾ ಇದ್ದೆ. ಗುಬ್ಬಿ ನೋಡಿದ್ಲು. ನನ್ನ ತಮ್ಮನೇ ಓಡಿಸಿದ್ದು. ಆಮೇಲೆ ಬಂದವರು ನೀವೊಬ್ಬರೇ. ನಿಮಗೆ ಯಾರೂ ಹೇಳಲಿಲ್ಲ."

"ಗುರುತು... ಇತ್ತಾ ಅಲ್ಲಿ? ನಂಗೆ ಕಾಣಲಿಲ್ಲವಲ್ಲಮ್ಮ," ಎಂದರು ಮೇಸ್ತ್ರಿ.

"ಸೂರ್ಯನ ಬಾಗಿಲ ಹತ್ರ ಬಂದಿದ್ರಾ ಅಂತ ಇವನು ಕೂಗಿದಾಗ ನೀವು 'ಗೋಡೆ ಬದಿ ಬಾಗಿಲಿನ ಹತ್ರಾನೂ ಸುಳಿದಿಲ್ಲ' ಅಂದ್ರಿ. ನಾವೆಲ್ಲ ನಿಂತಿದ್ದದ್ದು ಬೀದಿ ಬದೀಲಿ. ಆಗಲೇ ನನಗೆ ಅನುಮಾನ ಬಂತು. ಪ್ಯಾಡ್ ನೋಡಿ ಗಟ್ಟಿಯಾಯ್ತು." ಅವಳು ಸೆರಗಿನಿಂದ ಎರಡು ಪ್ಯಾಡ್ ತೆಗೆದು ತಮ್ಮನ ಕೈಗಿಟ್ಟಳು. "ಹಳದಿದು ಗುಬ್ಬಿ ಬೆಳಿಗ್ಗೆ ಇದೇ ಏಣಿನ ಮೇಲೆ ಓಡಿಸಿದ್ದು. ಅಡ್ಡಗೆರೆ ಇದ್ಯಾ? ಇಲ್ಲ. ಅವಳು ಒತ್ತೋದಿಲ್ಲ. ಕಪ್ಪಿನ ಮೇಲೆ ಇದೆ. ಮುನಿಸಮ್ಮನ್ನ ನಿಲ್ಲೋ ಹಾಗೆ ಒತ್ತಿದವರು ಯಾರು? ಜೀವಮಾನವೆಲ್ಲ ಹಠಮಾರಿ ಹಿಡಿದ ಕೈ. ಹಠಮಾರಿಗೆ ಒತ್ತಲೇಬೇಕು, ಆ ಕೈಗೆ ಬೇರೆ ಗೊತ್ತಿಲ್ಲ. ಕೈ ಮೇಸ್ತ್ರಿದು. ತಪ್ಪು ನಿನ್ನ ಫೋನಿಂದು. ಗುಬ್ಬಿದು ಏನೂ ಇಲ್ಲ."

ಯಜಮಾನ ಪ್ಯಾಡುಗಳನ್ನು ಹಿಡಿದು ನಿಂತ. ಬಯ್ಯಲು ಈಗ ಅವನಿಗೆ ಯಾರೂ ಉಳಿದಿರಲಿಲ್ಲ.

"ಯಾರದಾದ್ರೇನು ಅಕ್ಕ," ಎಂದ ಕೊನೆಗೆ. "ಸೂರ್ಯ ಹೋದದ್ದು ಹೋಯ್ತಲ್ಲ."

"ಹೋಗಿದ್ರೆ ನಾನು ಇಷ್ಟು ನಿಧಾನ ಮಾಡ್ತಿದ್ನಾ?" ಅವಳು ಸ್ಪಿರಿಟಿನ ಶೀಶೆ ತೆಗೆದು, ಶುಭ್ರ ಬಟ್ಟೆಯ ಮೇಲೆ ಸುರಿದಳು. "ಸೂರ್ಯನ್ನ ಕೊಯ್ದು ಹಾಕಿದ್ದಾಳೆ ಅಂತ ನೀನು ಅಂದ್ಕೊಂಡೆ. ಹಠಮಾರಿ ಆಗಿದ್ರೆ ಕೊಯ್ದಿರ್ತಿತ್ತು. ಆದ್ರೆ ನಿಂತುಬಿಟ್ಟ ಮುನಿಸಮ್ಮ ಮೆತ್ತನೆ ಪ್ಯಾಡಲ್ಲಿ ಏನು ಕೊಯ್ಯತ್ತೆ? ಗ್ಲೇಜು ತುಂಬಿಸತ್ತೆ, ಅಷ್ಟೆ. ಗೀರಿನೊಳಗೆ ಮೇಣ ಕೂತು ಮುಚ್ಚಿಕೊಂಡಿದೆ. ಮೊದಲೇ ಒರೆಸಬಹುದಿತ್ತು. ಆದ್ರೆ ಸೂರ್ಯ ಬಂದ ಅಂತ ನೀವೆಲ್ಲ ಕುಣಿದು, ಗುಬ್ಬಿ ಮೇಲಿನ ಮಾತು ಹಾಗೇ ಉಳಿದುಬಿಡ್ತಿತ್ತು. ಮೇಸ್ತ್ರಿ ಹಿತ್ತಲಲ್ಲೇ ಕೂತುಬಿಡ್ತಿದ್ರು. ತಗೋ ಗುಬ್ಬಿ, ನೀನೇ ಒರೆಸು."

ಗುಬ್ಬಿ ಮಂಡಿಯೂರಿದಳು. ಮಗುವಿನ ಬಾಯಿ ಒರೆಸುವಷ್ಟು ಹಗುರವಾಗಿ ಬಟ್ಟೆಯನ್ನು ಏಣಿನ ಮೇಲೆ ಎಳೆದಳು. ಒಂದು ಸಲ. ಏನಿಲ್ಲ. ಇನ್ನೊಂದು ಸಲ. ಮೊದಲು ಒಂದು ಕಿರಣ, ಸೊಟ್ಟದ್ದು. ಆಮೇಲೆ ಅದರ ಪಕ್ಕದ್ದು. ವೃತ್ತ. ಚುಕ್ಕೆ ಕಣ್ಣು. ಕೊನೆಗೆ, ಒಂದೇ ಕಡೆಗೆ ಎಳೆದುಕೊಂಡ ನಗು.

ಆಗ ಗುಬ್ಬಿ ಅತ್ತಳು. ಮೇಸ್ತ್ರಿ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು.

"ನಾನೇ ನಿನ್ನ ಕೆಲಸ ಕಳೀತಿದ್ನಲ್ಲೇ, ಗುಬ್ಬೀ."

"ಹೋಗಲಿ ಬಿಡಿ ಮೇಸ್ತ್ರಿ." ಅವಳು ತೋಳಿನಲ್ಲಿ ಮೂಗು ಒರೆಸಿಕೊಂಡಳು. "ಗೊಂಬೆ ಹೇಗಿತ್ತು? ತಲೆ ಅಲ್ಲಾಡಿಸ್ತಾ?"

"ನಾನು ಒತ್ತಿದ್ದಕ್ಕೆ ಮುನಿಸ್ಕೊಂಡ್ಳು."

ಯಜಮಾನ ಕೆಮ್ಮಿದ. ಕ್ಷಮೆ ಕೇಳುವ ಅಭ್ಯಾಸ ಇಲ್ಲದವನಿಗೆ ಕೆಮ್ಮೇ ಮೊದಲು ಬರುತ್ತದೆ. "ಗುಬ್ಬಿ... ನಾನು ಬಾಯಿಗೆ ಬಂದ ಹಾಗೆ ಅಂದೆ. ಮನಸ್ಸಲ್ಲಿಟ್ಕೋಬೇಡ. ನಾಳೆಯಿಂದ ಹಠಮಾರಿ ನಿಂಗೆ. ಮೇಸ್ತ್ರಿ ಪಕ್ಕದಲ್ಲಿ ನಿಂತು ಕಲಿಸ್ತಾರೆ. ಅವರಿಗೆ ಮುನಿಸಮ್ಮನ್ನ ನೀನು ಕಲಿಸು."

"ನಿಧಾನಕ್ಕೆ ಕಲಿಸ್ತೀನಿ ಅಣ್ಣ. ಕೈ ಭಾರ ಅವರದ್ದು."

ಇಷ್ಟನ್ನೂ ನೋಡುತ್ತಿದ್ದ ಕನ್ನಡಕದಂಗಡಿಯಾಕೆ ಮೇಸ್ತ್ರಿಯ ಮುಂದೆ ಬಂದು ನಿಂತಳು. ಬಯ್ಯುತ್ತಾಳೆಂದು ಅವರು ತಲೆ ತಗ್ಗಿಸಿದರು. ಆಕೆ ಒಂದು ಬೆರಳು ಎತ್ತಿ ಹಿಡಿದಳು.

"ಇದು ಎಷ್ಟು ಬೆರಳು?"

"ಒಂದು... ಎರಡಾ?"

"ನಾಳೆ ಅಂಗಡಿಗೆ ಬನ್ನಿ," ಎಂದಳು ನಗುತ್ತ. "ಸೂರ್ಯನೇ ಕಾಣದವರನ್ನ ನಾನು ಹಾಗೇ ಬಿಡೋಕಾಗತ್ತಾ?"

ಅಷ್ಟರಲ್ಲಿ ತಾಯಿ ಕುರ್ಚಿಯಿಂದ ಎದ್ದಿದ್ದಳು. ಯಾರೂ ಕರೆಯದೆ ಕಾರಿನ ಹತ್ತಿರ ಬಂದಳು. ಹೊಳೆಯುವ ನೀಲಿಯನ್ನು ಅನುಮಾನದಿಂದ ನೋಡಿದಳು. ಕೈ ಚಾಚಿ ಬಾಗಿಲ ಮೇಲೆ ಬೆರಳು ಹುಡುಕಾಡಿಸಿದಳು — ಹಿಡಿಕೆ, ಹಿಡಿಕೆಯ ಕೆಳಗೆ, ಏಣು. ಬೆರಳು ನಿಂತಿತು. ವೃತ್ತದ ಸುತ್ತ ಒಂದು ಸುತ್ತು ಬಂತು.

ತಾಯಿ ಹುಬ್ಬು ಗಂಟಿಕ್ಕಿ ಮಗಳ ಕಡೆ ತಿರುಗಿದಳು.

"ಏನೇ ಇದು? ಮತ್ತೆ ಗೀಚಿದ್ಯಾ ಗಾಡಿ ಮೇಲೆ? ಕೊಡಿಲ್ಲಿ ನನ್ನ ಹೇರ್‌ಪಿನ್ನು!"

ಮಗಳು ತನ್ನ ತಲೆಯಿಂದ ಹೇರ್‌ಪಿನ್ ತೆಗೆದು ತಾಯಿಯ ಅಂಗೈಗೆ ಕೊಟ್ಟಳು. ತಾಯಿ ಅದನ್ನು ಭದ್ರವಾಗಿ ಮುಷ್ಟಿಯಲ್ಲಿ ಹಿಡಿದು, ಗುಬ್ಬಿ ತೆರೆದು ಹಿಡಿದಿದ್ದ ಬಾಗಿಲಿನಿಂದ ಒಳಗೆ ಹೋಗಿ ತನ್ನ ಸೀಟಿನಲ್ಲಿ ಕೂತಳು.

"ಹೊರಡು ಇನ್ನು," ಎಂದಳು. "ಮನೆಗೆ ಹೋಗೋಣ."